ನಾಯಿ ಯಾರದು? — ಮುಂಬಯಿಯಲ್ಲಿ ನಾಯಿಕಡಿತ ಮತ್ತು ಪರಿಹಾರದ ನ್ಯಾಯ

ಮಾಟುಂಗದ ಉಪಾಹಾರಗೃಹವೊಂದರಲ್ಲಿ ದುಡಿಯುವ ಹುಡುಗನೊಬ್ಬನು ರಾತ್ರಿ ಮೇಜುಗಳನ್ನು ಒರಸಿ, ಕುರ್ಚಿಗಳನ್ನು ಕವುಚಿಟ್ಟು, ತಡರಾತ್ರಿಯ ಲೋಕಲ್ ಗಾಡಿಯನ್ನು ಹಿಡಿದು ಭಾಂಡೂಪಿನಲ್ಲಿ ಇಳಿಯುತ್ತಾನೆ. ನಿಲ್ದಾಣದಿಂದ ಚಾಳಿನವರೆಗಿನ ಗಲ್ಲಿಯಲ್ಲಿ ನಾಯಿಯೊಂದು ಅವನ ಮೀನಖಂಡಕ್ಕೆ ಬಾಯಿ ಹಾಕುತ್ತದೆ. ಮುಂಬಯಿಯಲ್ಲಿ ಇಂಥ ಪ್ರಸಂಗವನ್ನು ಕಲ್ಪಿಸಿಕೊಳ್ಳಲು ಯಾರಿಗೂ ಕಷ್ಟವಿಲ್ಲ. ಮರುದಿನ ಅವನು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುತ್ತಾನೆ, ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾನೆ, ನಾಲ್ಕೈದು ದಿನಗಳ ಸಂಬಳವನ್ನು ಕಳೆದುಕೊಳ್ಳುತ್ತಾನೆ, ಬಳಿಕ ಸುಮ್ಮನಾಗುತ್ತಾನೆ. ಆ ನಷ್ಟವನ್ನು ಯಾರಿಂದಲಾದರೂ ಕೇಳಿ ಪಡೆಯುವ ಹಕ್ಕು ತನಗಿದ್ದೀತೆಂಬುದು ಅವನಿಗೆ ಹೊಳೆಯುವುದೇ ಇಲ್ಲ. ಹೊಳೆದು, ಧೈರ್ಯಮಾಡಿ ನ್ಯಾಯಸ್ಥಾನದ ಮೆಟ್ಟಿಲನ್ನು ಹತ್ತಿದರೆ ಅಲ್ಲಿ ಅವನಿಗೆ ಎದುರಾಗುವ ಮೊದಲ ಪ್ರಶ್ನೆ ಗಾಯವೆಷ್ಟು ಆಳವಾದುದು ಎಂಬುದಲ್ಲ; ನಾಯಿ ಯಾರದು ಎಂಬುದು. ಈ ಒಂದು ಪ್ರಶ್ನೆಯಿಂದ ಪರಿಹಾರದ ದಾರಿ ಎರಡಾಗಿ ಕವಲೊಡೆಯುತ್ತದೆ. ಒಂದು ದಾರಿ ನೇರವಾದರೂ ನಿಧಾನವಾದುದು. ಇನ್ನೊಂದು ಇಕ್ಕಟ್ಟಾದುದು, ಮತ್ತು ಅದರ ಬಾಗಿಲು ಬಹು ಬೇಗ ಮುಚ್ಚುವಂಥದು.

ಪ್ರಶ್ನೆ ಹಳೆಯದು, ಅದನ್ನು ವಿಮರ್ಶಿಸಿದವರಲ್ಲಿ ಕನ್ನಡನಾಡಿನ ನೆಲದಲ್ಲಿ ಕುಳಿತು ಬರೆದವನೊಬ್ಬನೂ ಉಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ಇಂದಿನ ವಕೀಲರು ಬಲ್ಲುದು ದಾಯಭಾಗದ ಸಲುವಾಗಿ, ಅವಿಭಕ್ತ ಕುಟುಂಬದ ಆಸ್ತಿಯ ಹಂಚಿಕೆಯ ಸಲುವಾಗಿ. ಆದರೆ ಅವನು ವ್ಯಾಖ್ಯಾನಿಸಿದ ವ್ಯವಹಾರಾಧ್ಯಾಯದಲ್ಲಿ ಬೇರೆ ವಿಷಯಗಳೂ ಇವೆ. ಕೋರೆಹಲ್ಲಿನ ಅಥವಾ ಕೊಂಬಿನ ಪ್ರಾಣಿಯೊಂದು ಮತ್ತೊಬ್ಬನನ್ನು ಹಿಂಸಿಸುತ್ತಿರುವಾಗ, ಬಿಡಿಸಲು ಶಕ್ತನಾಗಿಯೂ ಬಿಡಿಸದಿರುವ ಒಡೆಯನು ಪ್ರಥಮ ಸಾಹಸದ ದಂಡವನ್ನು ತೆರಬೇಕು; ಸಿಕ್ಕಿಬಿದ್ದವನು ಕೂಗಿಕೊಂಡ ಮೇಲೂ ಸುಮ್ಮನಿದ್ದನಾದರೆ ದಂಡ ಇಮ್ಮಡಿಯಾಗುತ್ತದೆ. ಇಲ್ಲಿ ತಪ್ಪು ನಾಯಿಯನ್ನು ಸಾಕಿದುದರಲ್ಲಿ ಇಲ್ಲ, ತಡೆಯಬಹುದಾಗಿದ್ದಾಗ ತಡೆಯದಿದ್ದುದರಲ್ಲಿದೆ ಎಂಬುದನ್ನು ಗಮನಿಸಬೇಕು. ಆದರೆ ಆ ದಂಡ ಸೇರುವುದು ಅರಸನ ಬೊಕ್ಕಸಕ್ಕೆ, ಕಚ್ಚಿಸಿಕೊಂಡವನ ಕೈಗಲ್ಲ. ಅದೇ ಸ್ಮೃತಿಯು ಹೊಡೆದಾಟದ ಪ್ರಕರಣದಲ್ಲಿ ಮಾತ್ರ, ನೋವುಂಟುಮಾಡಿದವನು ದಂಡದ ಜೊತೆಗೆ ಗಾಯಾಳುವಿನ ಸಮುತ್ಥಾನವ್ಯಯವನ್ನೂ ಕೊಡಬೇಕೆಂದು ವಿಧಿಸುತ್ತದೆ. ಸಮುತ್ಥಾನವೆಂದರೆ ಮತ್ತೆ ಎದ್ದು ನಿಲ್ಲುವುದು. ಔಷಧ, ಪಥ್ಯ, ಶುಶ್ರೂಷೆಗಳ ವೆಚ್ಚವನ್ನು ಕುರಿತು ಇಷ್ಟು ಅಂದವಾದ ಶಬ್ದ ಇಂದಿನ ಕಾಯಿದೆಗಳಲ್ಲಿ ಸಿಕ್ಕುವುದಿಲ್ಲ. ದಂಡ ಒಂದು ಕಡೆ, ವೆಚ್ಚ ಇನ್ನೊಂದು ಕಡೆ ಎಂಬ ಈ ವಿಭಾಗವು ಒಂಬೈನೂರು ವರ್ಷಗಳ ಬಳಿಕವೂ ಕಚ್ಚಿಸಿಕೊಂಡವನನ್ನು ಕಾಡುತ್ತಿದೆ.

ಮುಂಬಯಿಗೆ ಇಂಗ್ಲಿಷರ ನ್ಯಾಯಪದ್ಧತಿಯೊಡನೆ ಇನ್ನೊಂದು ತತ್ತ್ವ ಬಂದಿತು. ಹುಲಿ, ಕರಡಿಗಳಂಥ ಸ್ವಭಾವತಃ ಕ್ರೂರವಾದ ಪ್ರಾಣಿಯನ್ನು ಸಾಕಿದವನು ಅದು ಮಾಡಿದ ಹಾನಿಗೆಲ್ಲ ಹೊಣೆ. ನಾಯಿಯಂಥ ಸಾಧುಪ್ರಾಣಿಯನ್ನು ಸಾಕಿದವನಾದರೋ, ಅದು ಕಚ್ಚುವ ಚಾಳಿಯದೆಂದು ಅವನಿಗೆ ಮೊದಲೇ ತಿಳಿದಿದ್ದರೆ ಮಾತ್ರ ಹೊಣೆ. ಪ್ರತಿಯೊಂದು ನಾಯಿಗೂ ಮೊದಲನೆಯ ಕಡಿತ ಮಾಫಿ ಎಂದು ಇಂಗ್ಲಿಷ್ ವಕೀಲರು ಇದನ್ನು ಪರಿಹಾಸ ಮಾಡುತ್ತಿದ್ದರು. ಇಂಗ್ಲೆಂಡು ೧೯೭೧ರಲ್ಲಿ ಪ್ರಾಣಿಗಳ ಕಾಯಿದೆಯೊಂದನ್ನು ಮಾಡಿ ಈ ಹಳೆಯ ನಿಯಮದ ಬದಲಿಗೆ ಹೊಸತನ್ನು ತಂದಿತು. ಭಾರತದಲ್ಲಿ ಅಂಥ ಪ್ರತ್ಯೇಕ ಕಾಯಿದೆ ಹುಟ್ಟಲಿಲ್ಲ. ಹೀಗಿರುವಲ್ಲಿ, ಇಲ್ಲಿ ಸಾಕುನಾಯಿಯ ಒಡೆಯನ ಮೇಲೆ ದಾವೆ ಹೂಡುವ ವಾದಿಯು ಎರಡು ವಾದಗಳನ್ನು ಒಟ್ಟಿಗೆ ಹೇಳುವುದು ಲೇಸು: ನಾಯಿಯ ಚಾಳಿ ಒಡೆಯನಿಗೆ ತಿಳಿದಿದ್ದಿತು, ತಿಳಿಯದಿದ್ದರೂ ಹಗ್ಗವಿಲ್ಲದೆ, ಬಾಯಿಪಟ್ಟಿಯಿಲ್ಲದೆ, ಎಳೆಯ ಮಗುವಿನ ಕೈಗೆ ಕೊಟ್ಟು ಅದನ್ನು ಹೊರಗೆ ಬಿಟ್ಟುದು ಸ್ವತಃ ಅಲಕ್ಷ್ಯ. ಹಿಂದೊಮ್ಮೆ ಅದೇ ನಾಯಿ ಅಂಚೆಯವನನ್ನೋ ಹಾಲಿನವನನ್ನೋ ಕಚ್ಚಿದ್ದರೆ ಅಂಥವರ ಸಾಕ್ಷ್ಯಕ್ಕೆ ಬಹಳ ಬೆಲೆಯುಂಟು.

ದಂಡಸಂಹಿತೆಯ ಭಾಷೆ ಇದಕ್ಕಿಂತ ಹೆಚ್ಚು ಉಪಯುಕ್ತವಾಗಿದೆ. ೧೮೬೦ರ ಭಾರತೀಯ ದಂಡಸಂಹಿತೆಯ ೨೮೯ನೆಯ ಕಲಮು, ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನ್ಯಾಯಸಂಹಿತೆಯ ೨೯೧ನೆಯ ಕಲಮು, ಎರಡೂ ಒಂದೇ ಮಾತನ್ನು ಹೇಳುತ್ತವೆ: ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಸಂಭವಿಸಬಹುದಾದ ಅಪಾಯವನ್ನು ಅಥವಾ ತೀವ್ರ ಗಾಯವಾಗುವ ಅಪಾಯವನ್ನು ತಡೆಯುವಷ್ಟು ಎಚ್ಚರವನ್ನು, ತಿಳಿದೋ ಅಲಕ್ಷ್ಯದಿಂದಲೋ ವಹಿಸದಿದ್ದವನು ಅಪರಾಧಿ. ಶಿಕ್ಷೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಹೊಸ ಸಂಹಿತೆಯಂತೆ ೫,೦೦೦ ರೂಪಾಯಿಗಳವರೆಗಿನ ದಂಡ, ಇಲ್ಲವೆ ಎರಡೂ. ಇಲ್ಲಿರುವ ಮಾತು ಒಡೆತನವಲ್ಲ, ವಶ. ಮಲಬಾರ್ ಹಿಲ್ಲಿನ ಸಾಹುಕಾರನ ನಾಯಿಯನ್ನು ಬೆಳಗ್ಗೆ ತಿರುಗಾಡಿಸುವ ಆಳೂ ಆ ಹೊತ್ತಿಗೆ ಅದನ್ನು ವಶದಲ್ಲಿಟ್ಟುಕೊಂಡವನೇ. ಇದು ಪೊಲೀಸರು ವಾರಂಟಿಲ್ಲದೆಯೇ ತನಿಖೆ ಮಾಡಬಹುದಾದ ಅಪರಾಧ. ಆದುದರಿಂದ ಠಾಣೆಯಲ್ಲಿ ಎನ್.ಸಿ. ಎಂದು ಒಂದು ಸಾಲು ಬರೆದುಕೊಂಡು ಕಳುಹಿಸಿದರೆ ಅದಕ್ಕೆ ಒಪ್ಪದೆ, ಎಫ್.ಐ.ಆರ್. ದಾಖಲಿಸಬೇಕೆಂದು ಕೇಳುವ ಅಧಿಕಾರ ಫಿರ್ಯಾದಿಗೆ ಉಂಟು.

ಈ ದಾರಿಯ ನಿಧಾನಕ್ಕೆ ಮುಂಬಯಿಯ ಎರಡು ಪ್ರಕರಣಗಳು ನಿದರ್ಶನವಾಗಿವೆ. ನೇಪಿಯನ್ ಸೀ ರೋಡಿನಲ್ಲಿ ೨೦೧೦ರಲ್ಲಿ ವೃದ್ಧರೊಬ್ಬರನ್ನು ರಾಟ್‌ವೈಲರ್ ಜಾತಿಯ ಸಾಕುನಾಯಿ ಕಚ್ಚಿತು. ಗಿರಗಾಂವದ ಮ್ಯಾಜಿಸ್ಟ್ರೇಟರು ಒಡೆಯನಿಗೆ ಮೂರು ತಿಂಗಳ ಸೆರೆವಾಸವನ್ನು ವಿಧಿಸಿದುದು ೨೦೨೩ರ ಜನವರಿಯಲ್ಲಿ. ವರಳಿಯ ಕಟ್ಟಡವೊಂದರಲ್ಲಿ ೨೦೧೮ರಲ್ಲಿ, ಲಿಫ್ಟಿನೊಳಗಿದ್ದವರು ತುಸು ತಡೆಯಿರೆಂದು ಕೇಳಿಕೊಂಡರೂ ಒಡೆಯನು ನಾಯಿಯನ್ನು ಒಳಗೆಳೆದು ತಂದನು. ಅದು ಒಬ್ಬರ ಕೈಯನ್ನು ಕಚ್ಚಿತು. ಅವನಿಗೆ ನಾಲ್ಕು ತಿಂಗಳ ಶಿಕ್ಷೆಯಾದುದು ೨೦೨೫ರ ಮೇ ತಿಂಗಳಲ್ಲಿ. ಕೂಗಿಕೊಂಡ ಮೇಲೂ ಬಿಡಿಸದವನಿಗೆ ಇಮ್ಮಡಿ ಎಂದ ಸ್ಮೃತಿಕಾರನು ಈ ಲಿಫ್ಟಿನ ಪ್ರಸಂಗವನ್ನು ಕೇಳಿದ್ದರೆ ಅವನಿಗೆ ಅದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ.

ಶಿಕ್ಷೆಯಾದ ಮಾತ್ರಕ್ಕೆ ಕಚ್ಚಿಸಿಕೊಂಡವನ ಆಸ್ಪತ್ರೆಯ ಬಿಲ್ಲು ತೀರುವುದಿಲ್ಲ. ಅದಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೩೯೫ನೆಯ ಕಲಮನ್ನು, ಅಂದರೆ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ೩೫೭ನೆಯದನ್ನು, ನೆನಪಿಸಬೇಕು. ದಂಡದ ಹಣದಿಂದ ಗಾಯಾಳುವಿಗೆ ಪರಿಹಾರ ಕೊಡಿಸಲು, ದಂಡವನ್ನೇ ವಿಧಿಸದಿದ್ದಲ್ಲಿ ಅಪರಾಧಿಯಿಂದ ಪ್ರತ್ಯೇಕವಾಗಿ ಕೊಡಿಸಲು, ಅದು ನ್ಯಾಯಾಧೀಶರಿಗೆ ಅಧಿಕಾರವನ್ನು ಕೊಡುತ್ತದೆ. ಮಹಾರಾಷ್ಟ್ರದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ೨೦೧೩ರಲ್ಲಿ, ಪರಿಹಾರದ ವಿಷಯವನ್ನು ಪ್ರತಿ ಪ್ರಕರಣದಲ್ಲಿಯೂ ಪರಿಶೀಲಿಸುವುದು, ಕೊಟ್ಟರೂ ಕೊಡದಿದ್ದರೂ ಕಾರಣ ಬರೆಯುವುದು, ಕೆಳಗಿನ ನ್ಯಾಯಸ್ಥಾನಗಳ ಕರ್ತವ್ಯವೆಂದು ಹೇಳಿದೆ. ಕೇಳದವನಿಗೆ ಇದು ತಾನಾಗಿ ಬರುವುದು ಅಪರೂಪ. ಬಿಲ್ಲುಗಳನ್ನು, ಸಂಬಳದ ಚೀಟಿಯನ್ನು ಸರಕಾರಿ ವಕೀಲನ ಕೈಗೆ ಮೊದಲೇ ಕೊಟ್ಟಿರಬೇಕು. ಇದಲ್ಲದೆ ದಿವಾಣಿ ದಾವೆ ಬೇರೆಯೇ ಉಂಟು; ಒಡೆಯನ ಮೇಲಿನ ಅಂಥ ದಾವೆಗೆ ೧೯೬೩ರ ಕಾಲಮಿತಿ ಕಾಯಿದೆಯಂತೆ ಮೂರು ವರ್ಷಗಳ ಅವಧಿ, ಮರಣ ಸಂಭವಿಸಿದ್ದರೆ ೧೮೫೫ರ ಕಾಯಿದೆಯಡಿ ವಾರಸುದಾರರು ಹೂಡುವ ದಾವೆಗೆ ಎರಡು ವರ್ಷ.

ಭಾಂಡೂಪಿನ ಹುಡುಗನನ್ನು ಕಚ್ಚಿದುದು ಯಾರ ಮನೆಯ ನಾಯಿಯೂ ಅಲ್ಲವಾದರೆ? ಅಲ್ಲಿಂದ ಎರಡನೆಯ ದಾರಿ ಆರಂಭವಾಗುತ್ತದೆ. ಮುಂಬಯಿಯ ಬೀದಿನಾಯಿಯ ಇತಿಹಾಸ ಸ್ವತಃ ಒಂದು ಪ್ರಬಂಧಕ್ಕೆ ತಕ್ಕುದು. ಕಂಪೆನಿ ಸರಕಾರವು ಹತ್ತೊಂಬತ್ತನೆಯ ಶತಮಾನದ ಆದಿಯಿಂದ ಬೇಸಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುತ್ತಿದ್ದಿತು. ಕೊಂದವರಿಗೆ ನಾಯಿಯೊಂದಕ್ಕೆ ಎಂಟಾಣೆ ಇನಾಮು. ೧೮೩೨ರ ಜೂನ್ ೬ರಂದು ಕೋಟೆಯ ಪ್ರದೇಶದಲ್ಲಿ ಪಾರಸಿಗಳು ನಾಯಿ ಹಿಡಿಯುವವರ ಮೇಲೆ ಬಿದ್ದರು. ಝರತುಷ್ಟ್ರ ಧರ್ಮದಲ್ಲಿ ನಾಯಿ ಪವಿತ್ರವಾದುದು. ಶವಸಂಸ್ಕಾರದ ಸಮಯದಲ್ಲಿ ಅದರ ದೃಷ್ಟಿ ಬೀಳಬೇಕೆಂಬ ವಿಧಿಯೂ ಅವರಲ್ಲಿದೆ. ಮರುದಿನ ಅಂಗಡಿಗಳು ಮುಚ್ಚಿದುವು, ಕೊಲಾಬದ ಸೈನ್ಯಕ್ಕೆ ಹೋಗುವ ಆಹಾರಸಾಮಗ್ರಿ ತಡೆಯಿತು, ಕೊನೆಗೆ ದಂಡನ್ನು ಕರೆಸಬೇಕಾಯಿತು. ಇನಾಮಿನ ಆಸೆಗೆ ಮನೆಗಳೊಳಗಿನ ನಾಯಿಗಳನ್ನೂ ಎಳೆದೊಯ್ಯುತ್ತಾರೆಂಬುದು ಅಂದಿನ ದೂರುಗಳಲ್ಲಿ ಒಂದು. ಅಂದರೆ ಆಗಲೂ ಜಗಳದ ನಡುವೆ ಇದ್ದುದು ಇದೇ ಪ್ರಶ್ನೆ: ಈ ನಾಯಿ ಯಾರದು?

೧೮೮೮ರ ಮುಂಬಯಿ ಮಹಾನಗರಪಾಲಿಕೆ ಕಾಯಿದೆಯು ಬೀದಿನಾಯಿಯನ್ನು ಪಾಲಿಕೆಯ ಕೈಗೆ ಒಪ್ಪಿಸಿತು. ಹಿಡಿಯುವ, ನಾಶಮಾಡುವ ಅಧಿಕಾರ ಕಮಿಶನರರಿಗೆ ಬಂದಿತು. ೧೯೯೪ರಿಂದ ಮುಂಬಯಿಯಲ್ಲಿ ಕೊಲ್ಲುವುದು ನಿಂತು ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲಾಯಿತು. ೨೦೦೧ರಲ್ಲಿ ಕೇಂದ್ರ ಸರಕಾರ ಮಾಡಿದ ನಾಯಿಗಳ ಜನನನಿಯಂತ್ರಣ ನಿಯಮಗಳು ಇದನ್ನೇ ದೇಶಕ್ಕೆಲ್ಲ ವಿಧಿಸಿದುವು. ಪಾಲಿಕೆಯ ಹಳೆಯ ಅಧಿಕಾರ ಮೇಲೋ ಕೇಂದ್ರದ ನಿಯಮ ಮೇಲೋ ಎಂಬ ವ್ಯಾಜ್ಯದಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ ೨೦೦೮ರ ಡಿಸೆಂಬರಿನಲ್ಲಿ ತೀರ್ಪಿತ್ತಿತು; ಮರುತಿಂಗಳೇ ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು; ಹದಿನೈದು ವರ್ಷಗಳ ಬಳಿಕ, ೨೦೨೩ರ ಹೊಸ ನಿಯಮಗಳು ಬಂದಿವೆಯೆಂದು ಕಾರಣ ಕೊಟ್ಟು ೨೦೨೪ರ ಮೇ ೯ರಂದು ಆ ವ್ಯಾಜ್ಯವನ್ನೇ ಮುಗಿಸಿತು. ಕಚ್ಚಿಸಿಕೊಂಡವನಿಗೆ ಈ ದೀರ್ಘಕಥೆಯಿಂದ ಬೇಕಾದುದು ಇಷ್ಟೇ: ಸಂತಾನಹರಣ, ರೇಬೀಸ್ ಲಸಿಕೆ ಇವನ್ನು ಮಾಡಿಸುವುದು ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಕರ್ತವ್ಯ, ಅಪಾಯಕಾರಿ ರೋಗಗಳ ಹಬ್ಬುವಿಕೆಯನ್ನು ತಡೆಯುವುದು ೧೮೮೮ರ ಕಾಯಿದೆಯ ೬೧ನೆಯ ಕಲಮಿನಂತೆ ಪಾಲಿಕೆಯ ಕಡ್ಡಾಯ ಹೊಣೆ. ೨೦೧೪ರ ಗಣತಿಯಂತೆ ಮುಂಬಯಿಯಲ್ಲಿದ್ದ ೯೫,೧೭೨ ಬೀದಿನಾಯಿಗಳಿಗೆ ಒಡೆಯನಿಲ್ಲದಿದ್ದರೂ ಉತ್ತರ ಹೇಳಬೇಕಾದವರು ಒಬ್ಬರಿದ್ದಾರೆ.

ಆದರೆ ಕರ್ತವ್ಯವಿದೆಯೆಂಬುದು ಬೇರೆ, ಕರ್ತವ್ಯಲೋಪಕ್ಕೆ ಹಣ ಕೊಡಬೇಕೆಂಬುದು ಬೇರೆ. ದೆಹಲಿಯ ಚಾಂದನಿ ಚೌಕಿನ ಗಡಿಯಾರದ ಗೋಪುರ ೧೯೫೧ರಲ್ಲಿ ಕುಸಿದು ಜನ ಸತ್ತಾಗ, ಅಲ್ಲಿಯ ನಗರಸಂಸ್ಥೆ ಹೊಣೆಯೆಂದು ಸುಪ್ರೀಂ ಕೋರ್ಟು ೧೯೬೬ರಲ್ಲಿ ಹೇಳಿತು. ಗೋಪುರ ಸಂಸ್ಥೆಯದೇ ಆಗಿದ್ದಿತು. ರಾಜಕೋಟೆಯಲ್ಲಿ ರಸ್ತೆಬದಿಯ ಮರ ಬಿದ್ದು ಒಬ್ಬನು ಸತ್ತಾಗ ಅದೇ ನ್ಯಾಯಸ್ಥಾನವು ೧೯೯೭ರಲ್ಲಿ ನಗರಪಾಲಿಕೆಯನ್ನು ಹೊಣೆಯಿಂದ ಬಿಡಿಸಿತು. ಕಾಯಿದೆಯ ಕರ್ತವ್ಯವೆಲ್ಲವೂ ಪ್ರತಿಯೊಬ್ಬ ದಾರಿಹೋಕನಿಗೂ ಸಲ್ಲುವ ಋಣವಲ್ಲ ಎಂಬುದು ಅದರ ತರ್ಕ. ಬೀದಿನಾಯಿ ಗೋಪುರದಂತೆಯೋ ಮರದಂತೆಯೋ? ಪಾಲಿಕೆಯ ವಕೀಲರು ಮರವೆನ್ನುತ್ತಾರೆ. ಮರ ಯಾವ ಗಳಿಗೆಯಲ್ಲಿ ಬಿದ್ದೀತೆಂದು ಹೇಳಲಾಗದಿರಬಹುದು. ನಾಯಿ ಹಾಗಲ್ಲ. ಯಾವ ಗಲ್ಲಿಯಲ್ಲಿ ನಾಯಿ ಕಚ್ಚುತ್ತದೆಂಬುದು ಆ ಗಲ್ಲಿಯ ಎಲ್ಲರಿಗೂ ಗೊತ್ತಿರುತ್ತದೆ. ಮೊದಲೇ ದೂರು ಕೊಟ್ಟಿದ್ದರೆ ಪಾಲಿಕೆಗೂ ಗೊತ್ತಿರುತ್ತದೆ. ಆದಕಾರಣ ನೆರೆಯವರು ಹಿಂದೆ ಕೊಟ್ಟ ದೂರಿನ ದಾಖಲೆಯೊಂದು ಸಿಕ್ಕಿದರೆ ವಾದಿಯ ಪಕ್ಷ ಬಹಳ ಬಲಗೊಳ್ಳುತ್ತದೆ. ಸಾಕುನಾಯಿಯ ಚಾಳಿಯ ಅರಿವಿನ ಹಳೆಯ ತತ್ತ್ವವೇ ಇಲ್ಲಿ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಇತ್ತೀಚೆಗೆ ಹೈಕೋರ್ಟುಗಳು ಸಂವಿಧಾನದ ೨೨೬ನೆಯ ಅನುಚ್ಛೇದದ ಮೂಲಕ ಈ ಇಕ್ಕಟ್ಟನ್ನು ಸಡಿಲಿಸುತ್ತ ಬಂದಿವೆ. ಜೀವಿಸುವ ಹಕ್ಕಿಗೆ ಸರಕಾರದ ಲೋಪದಿಂದ ಭಂಗ ಬಂದಲ್ಲಿ ದಾವೆಯ ದೀರ್ಘದಾರಿಯಿಲ್ಲದೆ ರಿಟ್ ಅರ್ಜಿಯಲ್ಲಿಯೇ ಪರಿಹಾರ ಕೊಡಿಸಬಹುದೆಂಬುದು ಅವುಗಳ ನಿಲುವು. ಬೀದಿನಾಯಿಗಳ ದಾಳಿಗೆ ಎಳೆಯ ಮಗುವೊಂದು ಬಲಿಯಾದ ಪ್ರಕರಣದಲ್ಲಿ, ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠವು ೨೦೨೨ರಲ್ಲಿ ತಂದೆಗೆ ೧೦ ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿತು. ಕೇರಳದಲ್ಲಿ ೨೦೧೬ರಲ್ಲಿ ಸುಪ್ರೀಂ ಕೋರ್ಟೇ ನ್ಯಾಯಮೂರ್ತಿ ಸಿರಿಜಗನ್ ಅವರ ಸಮಿತಿಯನ್ನು ನೇಮಿಸಿ ಅರ್ಜಿಗಳನ್ನು ಪರಿಶೀಲಿಸಹೇಳಿತು. ಕಾಸರಗೋಡಿನ ಕನ್ನಡಿಗರೂ ಆ ವ್ಯವಸ್ಥೆಯೊಳಗೆ ಬಂದರು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ೨೦೨೩ರ ನವೆಂಬರಿನಲ್ಲಿ ೧೯೩ ಅರ್ಜಿಗಳನ್ನು ಒಟ್ಟಿಗೆ ತೀರ್ಮಾನಿಸುತ್ತ ಇನ್ನೂ ಮುಂದೆ ಹೋಯಿತು: ಹಲ್ಲಿನ ಗುರುತೊಂದಕ್ಕೆ ಕನಿಷ್ಠ ೧೦,೦೦೦ ರೂಪಾಯಿ, ಮಾಂಸ ಕಿತ್ತುಬಂದಿದ್ದರೆ ಗಾಯದ ಪ್ರತಿ ೦.೨ ಸೆಂಟಿಮೀಟರಿಗೆ ಕನಿಷ್ಠ ೨೦,೦೦೦. ಹಣ ಕೊಡುವ ಮೊದಲ ಹೊಣೆ ರಾಜ್ಯದ್ದು; ತಪ್ಪಿದ ಸಂಸ್ಥೆಯಿಂದಲೋ ವ್ಯಕ್ತಿಯಿಂದಲೋ ಅದನ್ನು ಮರಳಿ ವಸೂಲು ಮಾಡಿಕೊಳ್ಳುವುದು ರಾಜ್ಯದ ಕೆಲಸ. ನಾಯಿ ಯಾರದು ಎಂಬ ಪ್ರಶ್ನೆಯನ್ನು ಗಾಯಾಳುವಿನ ಹೆಗಲಿನಿಂದ ಇಳಿಸಿ ಸರಕಾರದ ಹೆಗಲಿಗೆ ಹೊರಿಸಿದುದೇ ಈ ತೀರ್ಪಿನ ದೊಡ್ಡ ಗುಣ. ಹಲ್ಲೆಣಿಸಿ ಬೆಲೆ ಕಟ್ಟುವುದು ನಗೆ ತರಿಸಬಹುದಾದರೂ, ಲೆಕ್ಕವಿಲ್ಲದ ಕರುಣೆಗಿಂತ ಲೆಕ್ಕವಿರುವ ಹಕ್ಕು ಬಡವನಿಗೆ ಹೆಚ್ಚು ಉಪಯೋಗ. ಇದಕ್ಕೆ ಹೋಲಿಸಿದರೆ ಕರ್ನಾಟಕ ಸರಕಾರವು ೨೦೨೫ರ ನವೆಂಬರಿನಲ್ಲಿ ಗೊತ್ತುಮಾಡಿದ ದರ ಬಹು ಕೃಪಣವಾದುದು: ಮರಣಕ್ಕೆ ೫ ಲಕ್ಷ, ಗಾಯಕ್ಕೆ ೫,೦೦೦, ಅದರಲ್ಲಿಯೂ ಗಾಯಾಳುವಿನ ಕೈಸೇರುವುದು ೩,೫೦೦, ಉಳಿದುದು ಚಿಕಿತ್ಸೆಯ ಬಾಬಿಗೆ.

ಚಂಡೀಗಢದ ತೀರ್ಪು ಮುಂಬಯಿಯ ನ್ಯಾಯಸ್ಥಾನಗಳನ್ನು ಕಟ್ಟುವುದಿಲ್ಲ, ಉದಾಹರಿಸಬಹುದಷ್ಟೆ. ಆದರೆ ಮುಂಬಯಿ ಹೈಕೋರ್ಟು ೨೦೨೫ರ ಅಕ್ಟೋಬರಿನಲ್ಲಿ ರಸ್ತೆಯ ಗುಂಡಿಗಳು, ತೆರೆದ ಮ್ಯಾನ್‌ಹೋಲುಗಳು ಇವುಗಳ ವಿಷಯದಲ್ಲಿ ಕೊಟ್ಟ ಆದೇಶ ಬಹಳ ಸಮೀಪದ್ದು: ಮರಣಕ್ಕೆ ೬ ಲಕ್ಷ, ಗಾಯಕ್ಕೆ ೫೦,೦೦೦ದಿಂದ ೨.೫ ಲಕ್ಷದವರೆಗೆ ಸಂಬಂಧಪಟ್ಟ ಸಂಸ್ಥೆಗಳೇ ಕೊಡತಕ್ಕುದು. ರಸ್ತೆಯ ಗುಂಡಿಗೆ ಬಿದ್ದವನಿಗೆ ಸಲ್ಲುವ ನ್ಯಾಯ ಅದೇ ರಸ್ತೆಯಲ್ಲಿ ನಾಯಿ ಕಚ್ಚಿದವನಿಗೆ ಏಕೆ ಸಲ್ಲಬಾರದೆಂದು ಕೇಳುವ ವಾದಕ್ಕೆ ಇದರಿಂದ ಬಲ ಬಂದಿದೆ. ಸುಪ್ರೀಂ ಕೋರ್ಟು ಅದೇ ವರ್ಷ ಸ್ವಯಂಪ್ರೇರಣೆಯಿಂದ ಕೈಗೆತ್ತಿಕೊಂಡ ಪ್ರಕರಣದಲ್ಲಿ, ಆಗಸ್ಟ್ ೨೨ರಂದು ಬೀದಿಯಲ್ಲಿ ಕಂಡಕಂಡಲ್ಲಿ ನಾಯಿಗಳಿಗೆ ಉಣಿಸುವುದನ್ನು ನಿಷೇಧಿಸಿ ಗೊತ್ತಾದ ಸ್ಥಳಗಳನ್ನು ನಿಗದಿಮಾಡಲು ಹೇಳಿತು; ನವೆಂಬರ್ ೭ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ನಾಯಿಗಳನ್ನು ತೆಗೆಯಬೇಕೆಂದು ವಿಧಿಸಿತು. ಇಂಥ ಆವರಣದೊಳಗೆ ಆದ ಕಡಿತಕ್ಕೆ, ಗಲ್ಲಿಯಲ್ಲಿ ಆದುದಕ್ಕಿಂತ, ಲೋಪವನ್ನು ತೋರಿಸಿಕೊಡುವುದು ಸುಲಭ. ಕಡಿತ ನಡೆದ ಸ್ಥಳವನ್ನು ಹತ್ತು ಮಾರಿನ ಅಂತರದೊಳಗೆ ಖಚಿತವಾಗಿ ಬರೆದಿಡುವ ಅಗತ್ಯ ಇದರಿಂದ ತಿಳಿಯುತ್ತದೆ.

ಬರೆದಿಡುವ ಮಾತು ಬಂದುದರಿಂದ ಆಸ್ಪತ್ರೆಯ ವಿಷಯವನ್ನು ಹೇಳಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯುವುದು ಮೊದಲನೆಯದು. ಅರಸಿನ, ಸುಣ್ಣ, ಮೆಣಸಿನಪುಡಿಗಳನ್ನು ಮೆತ್ತುವುದು ಹಾನಿಕರ. 'ಹೊಟ್ಟೆಗೆ ಹದಿನಾಲ್ಕು ಇಂಜಕ್ಷನ್' ಎಂಬ ಭಯ ಹಳೆಯ ತಲೆಗಳಲ್ಲಿ ಇನ್ನೂ ಉಳಿದಿದೆ. ಅದು ೧೯೧೧ರಲ್ಲಿ ಕಸೌಲಿಯಲ್ಲಿ ಸೆಂಪಲ್ ಎಂಬ ವೈದ್ಯನು ಸಿದ್ಧಪಡಿಸಿದ ಲಸಿಕೆಯ ಕಾಲದ ಮಾತು; ಆ ಲಸಿಕೆ ಎಂದೋ ನಿಂತುಹೋಗಿದೆ. ಈಗ ಚರ್ಮದೊಳಗೆ ಕೊಡುವ ಪದ್ಧತಿಯಲ್ಲಿ ಮೊದಲ ದಿನ, ಬಳಿಕ ಮೂರನೆಯ, ಏಳನೆಯ ಮತ್ತು ಇಪ್ಪತ್ತೆಂಟನೆಯ ದಿನ ಚುಚ್ಚುತ್ತಾರೆ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನನ್ನೂ ಗಾಯದ ಸುತ್ತ ಕೊಡುತ್ತಾರೆ. ರೇಬೀಸ್ ಒಮ್ಮೆ ತಲೆದೋರಿತೆಂದರೆ ಬದುಕುವ ಆಸೆ ಇಲ್ಲವೇ ಇಲ್ಲವೆನ್ನಬಹುದು. ಆದುದರಿಂದ ಪರಿಹಾರದ ಯೋಚನೆ ಎಂದೆಂದಿಗೂ ಎರಡನೆಯದು.

ಆದರೂ ಮುಂಬಯಿಯವರು 'ಕೇಸ್ ಪೇಪರ್' ಎನ್ನುವ ಆ ಆಸ್ಪತ್ರೆಯ ಹಾಳೆಯೇ ಮುಂದಿನ ಎಲ್ಲ ವ್ಯವಹಾರಕ್ಕೂ ತಾಯಿಬೇರು. ಸಾಲು ಉದ್ದವಿರುತ್ತದೆ, ಬರೆಯುವವನಿಗೆ ಬಿಡುವಿಲ್ಲ. ಯಾವ ನಾಯಿ ಎಂದು ಅವನು ಕೇಳಿದಾಗ ನೆರೆಮನೆಯವರ ದಾಕ್ಷಿಣ್ಯಕ್ಕೋ ಗಡಿಬಿಡಿಗೋ 'ರಸ್ತೆಯ ನಾಯಿ' ಎಂದುಬಿಟ್ಟರೆ, ಆರು ತಿಂಗಳ ಬಳಿಕ ನೆರೆಯವನ ಮೇಲೆ ದಾವೆ ಹೂಡಿದಾಗ ಪ್ರತಿವಾದಿಯ ವಕೀಲನು ಆ ಎರಡು ಶಬ್ದಗಳನ್ನೇ ಎತ್ತಿ ಹಿಡಿಯುತ್ತಾನೆ. ನಾಯಿಯ ಒಡೆತನದ ತೀರ್ಮಾನ ಎಷ್ಟೋ ಸಲ ನ್ಯಾಯಸ್ಥಾನದಲ್ಲಿ ಆಗುವುದಿಲ್ಲ, ಈ ಸಾಲಿನಲ್ಲಿಯೇ ಆಗಿಹೋಗಿರುತ್ತದೆ. ಗಾಯಗಳ ಸಂಖ್ಯೆ, ಅಳತೆ, ಸ್ಥಳ, ಹೊತ್ತು, ನಾಯಿಯ ಗುರುತು ಇಷ್ಟನ್ನೂ ಹೇಳಿ ಬರೆಯಿಸಿ, ಗಾಯದ ಛಾಯಾಚಿತ್ರವನ್ನು ಅದೇ ದಿನ ತೆಗೆಸಿಟ್ಟುಕೊಳ್ಳಬೇಕು. ಪಾಲಿಕೆಯ ಲೈಸೆನ್ಸ್ ಇರುವ ಸಾಕುನಾಯಿಯಾದರೆ ಒಡೆಯನ ಹೆಸರು ಪಾಲಿಕೆಯ ದಾಖಲೆಯಲ್ಲಿಯೇ ಸಿಕ್ಕುತ್ತದೆ.

ಈಗ ಮುಚ್ಚುವ ಬಾಗಿಲಿನ ವಿಷಯ. ೧೮೮೮ರ ಕಾಯಿದೆಯ ೫೨೭ನೆಯ ಕಲಮಿನಂತೆ, ಪಾಲಿಕೆಯ ಕೃತ್ಯಕ್ಕಾಗಲಿ ಕರ್ತವ್ಯಲೋಪಕ್ಕಾಗಲಿ ದಾವೆ ಹೂಡುವ ಮೊದಲು ಲಿಖಿತ ನೋಟೀಸು ಕೊಟ್ಟು ಒಂದು ತಿಂಗಳು ಕಾಯಬೇಕು. ದಾವೆಯನ್ನು ಕಾರಣ ಹುಟ್ಟಿದ ಆರು ತಿಂಗಳೊಳಗೆ ಹೂಡಬೇಕು. ಒಡೆಯನ ಮೇಲಾದರೆ ಮೂರು ವರ್ಷ, ಪಾಲಿಕೆಯ ಮೇಲಾದರೆ ಆರು ತಿಂಗಳು! ನಾಯಿ ಯಾರದೆಂದು ಹುಡುಕುತ್ತ ಕಾಲ ಕಳೆದವನು ಕೊನೆಗೆ ಅದು ಯಾರದೂ ಅಲ್ಲವೆಂದು ಕಂಡುಕೊಳ್ಳುವ ಹೊತ್ತಿಗೆ ಈ ಅವಧಿ ಮೀರಿರುತ್ತದೆ. ನೋಟೀಸು ತಲುಪಬೇಕಾದುದು ಬೋರಿಬಂದರದ ಎದುರಿನ ಮುಖ್ಯ ಕಚೇರಿಗೆ. ಭಾಂಡೂಪಿನ ಎಸ್ ವಾರ್ಡ್ ಆಫೀಸಿಗೆ ಕೊಟ್ಟ ದೂರಿನ ಅರ್ಜಿಯನ್ನೇ ನೋಟೀಸೆಂದು ನಂಬಿ ಕೂರಬಾರದು. ನೋಟೀಸಿನ ಒಂದು ತಿಂಗಳನ್ನು ಅವಧಿಯಿಂದ ಕಳೆಯಬೇಕೆಂಬ ವಾದಕ್ಕೆ ಕಾಲಮಿತಿ ಕಾಯಿದೆಯಲ್ಲಿ ಆಧಾರವಿದ್ದರೂ ಅದರ ಭರವಸೆಯ ಮೇಲೆ ಇರುವುದು ಜಾಣತನವಲ್ಲ. ಹುಡುಗನು ಮೂರು ನಿಲ್ದಾಣಗಳಾಚೆ ಠಾಣೆಯಲ್ಲಿ ಇಳಿಯುವವನಾಗಿದ್ದರೆ, ಅಥವಾ ಡೊಂಬಿವಲಿ, ವಾಶಿಗಳವನಾಗಿದ್ದರೆ, ೧೯೪೯ರ ಬೇರೊಂದು ನಗರಪಾಲಿಕೆ ಕಾಯಿದೆ ಅನ್ವಯಿಸುತ್ತದೆ. ನೋಟೀಸು ಮತ್ತು ಅವಧಿಯ ನಿರ್ಬಂಧ ಅಲ್ಲಿಯೂ ಇದೇ ಬಗೆಯದು. ರಾಜ್ಯ ಸರಕಾರವನ್ನೂ ಪ್ರತಿವಾದಿಯಾಗಿಸುವುದಾದರೆ ದಿವಾಣಿ ಸಂಹಿತೆಯ ೮೦ನೆಯ ಕಲಮಿನಂತೆ ಎರಡು ತಿಂಗಳ ನೋಟೀಸು. ರಿಟ್ ಅರ್ಜಿಗೆ ಈ ನೋಟೀಸಿನ ಕಟ್ಟುಪಾಡಿಲ್ಲ. ಆದರೆ ಸಂಗತಿಗಳೇ ವಿವಾದಾಸ್ಪದವಾಗಿದ್ದರೆ ಹೈಕೋರ್ಟು ದಾವೆಯ ದಾರಿಯನ್ನು ತೋರಿಸಿ ಕಳುಹಿಸಬಹುದು, ಅಷ್ಟರಲ್ಲಿ ಆ ದಾರಿ ಮುಚ್ಚಿರಬಹುದು. ಮಾನವಹಕ್ಕುಗಳ ಆಯೋಗಕ್ಕೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಅದು ಮಾಡಬಲ್ಲುದು ಶಿಫಾರಸು ಮಾತ್ರ.

ಹೋಟೆಲಿನ ಹುಡುಗನಿಗೆ ಮೂರನೆಯ ದಾರಿಯೊಂದು ಉಂಟು. ಅದನ್ನು ಯಾರೂ ನೆನೆಯುವುದಿಲ್ಲ. ಅಲ್ಲಿ ನಾಯಿ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಕೆಲಸದ ನಿಮಿತ್ತ, ಕೆಲಸದ ಅವಧಿಯಲ್ಲಿ ಆದ ಗಾಯಕ್ಕೆ ಮಾಲೀಕನು ಪರಿಹಾರ ಕೊಡಬೇಕೆಂದು ೧೯೨೩ರ ಕಾಯಿದೆ ವಿಧಿಸಿದ್ದಿತು. ೨೦೨೫ರ ನವೆಂಬರ್ ೨೧ರಿಂದ ಅದರ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಕೆಲಸ ಮುಗಿಸಿ ಮನೆಗೆ ಮರಳುವಾಗ ಆದ ಅಪಘಾತವೂ, ಹೊತ್ತು, ಸ್ಥಳ, ಸಂದರ್ಭಗಳಿಗೆ ಕೆಲಸದೊಡನೆ ಸಂಬಂಧವಿದ್ದರೆ, ಕೆಲಸದಲ್ಲಿ ಆದುದೆಂದೇ ಎಣಿಸಬೇಕೆಂದು ಈ ಸಂಹಿತೆ ಹೇಳುತ್ತದೆ. ನಡುರಾತ್ರಿಯ ಭಾಂಡೂಪಿನ ಗಲ್ಲಿಗೆ ಇದು ಅನ್ವಯಿಸುತ್ತದೆಂದು ವಾದಿಸಲು ಯಾವ ಅಡ್ಡಿಯೂ ಕಾಣುವುದಿಲ್ಲ. ಹಳೆಯ ಕಾಯಿದೆಯಲ್ಲಿ ಅಸಮರ್ಥತೆ ಮೂರು ದಿನಗಳನ್ನು ಮೀರಿರಬೇಕೆಂಬ ನಿಯಮವಿದ್ದುದರಿಂದ, ಹುಡುಗನು ಕೆಲಸಕ್ಕೆ ಬಾರದ ದಿನಗಳನ್ನು ವೈದ್ಯರ ಚೀಟಿಯಿಂದ ತೋರಿಸಬಲ್ಲವನಾಗಿರಬೇಕು. ಕೆಲಸದಾತನ ಇ.ಎಸ್.ಐ. ಕಂತು ಕಟ್ಟಲ್ಪಟ್ಟಿದ್ದರೆ ಹಣ ಬರುವುದು ಆ ಸಂಸ್ಥೆಯಿಂದ, ಮಾಲೀಕನ ಗಲ್ಲೆಯಿಂದಲ್ಲ. ಹಾಜರಿಪುಸ್ತಕದಲ್ಲಿ ಹೆಸರೇ ಇಲ್ಲದ ಹುಡುಗರ ಮಾತು ಬೇರೆ. ಅವರು ದುಡಿಯುತ್ತಿದ್ದರೆಂಬುದನ್ನೇ ಮೊದಲು ಸಾಧಿಸಬೇಕಾಗುತ್ತದೆ, ಮತ್ತು ಅಂಥ ಹುಡುಗರಲ್ಲಿ ಊರಿನಿಂದ ಬಂದ ಕನ್ನಡದ ಮಕ್ಕಳೂ ಇದ್ದಾರೆ.

ವಕೀಲನ ಖರ್ಚಿನ ಅಂಜಿಕೆಗೆ ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಉತ್ತರ ಕೊಡುತ್ತದೆ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಇವರಿಗೆ ಆದಾಯವನ್ನು ನೋಡದೆ, ಉಳಿದವರಿಗೆ ಆದಾಯದ ಮಿತಿಯನ್ನು ನೋಡಿ, ಉಚಿತವಾಗಿ ವಕೀಲರನ್ನು ಕೊಡಬೇಕು. ಉಳಿಯುವುದು ನೋಟೀಸು. ಅದರಲ್ಲಿ ವಾದಿಯ ಹೆಸರು, ವಾಸಸ್ಥಳ, ಕಡಿತದ ದಿನ, ಹೊತ್ತು, ಗಲ್ಲಿ, ಗಾಯದ ವಿವರ, ಹಿಂದಿನ ದೂರುಗಳಿದ್ದರೆ ಅವುಗಳ ಸಂಖ್ಯೆ, ಕಳೆದುಹೋದ ಸಂಬಳ, ಔಷಧದ ವೆಚ್ಚ, ಕೇಳುವ ಮೊತ್ತ ಇಷ್ಟು ಇದ್ದರೆ ಸಾಕು, ಅಲಂಕಾರ ಬೇಡ. ಭಾಷೆ ಮಾತ್ರ ಮರಾಠಿಯೋ ಇಂಗ್ಲಿಷೋ ಆಗಿರಬೇಕು, ಮತ್ತು ಭಾಂಡೂಪಿನ ಹುಡುಗನಿಗೆ ಎರಡರಲ್ಲಿಯೂ ಬರೆಯಬರುವುದಿಲ್ಲ. ಬರೆದುಕೊಡಬಲ್ಲ ಕನ್ನಡಿಗರು ಅವನು ದಿನವೂ ಕಾಫಿ ಕೊಡುವ ಮೇಜುಗಳಲ್ಲಿಯೇ ಕುಳಿತಿರುತ್ತಾರೆ. ಎರಡು ಪುಟದ ಆ ಬರವಣಿಗೆ ಐದನೆಯ ತಿಂಗಳು ತುಂಬುವ ಮೊದಲು ಬೋರಿಬಂದರದ ಕಚೇರಿಯ ಮೊಹರನ್ನು ಹೊತ್ತು ಅವನ ಕೈಸೇರಿರಬೇಕು.